ಪ್ರ: ಸೊಲ್ಲಾಪುರದ ಮರಾಠಿ ಮಕ್ಕಳು ಇಂಗ್ಲಿಷ್‌ನಲ್ಲಿ 'ಫಾರ್ ಟೂ ಇಯರ್ಸ್' ಎನ್ನುವ ಕಡೆ 'ಸಿನ್ಸ್ ಟೂ ಇಯರ್ಸ್' ಬಿಡುತ್ತಿಲ್ಲ, ಹೇಗೆ ತಿದ್ದಲಿ?

ಇದಕ್ಕೆ ಬಹುಶಃ ಮರಾಠಿಯ 'ಪಾಸೂನ್' ಕಾರಣ. 'ಸೋಮವಾರ್‌ಪಾಸೂನ್', 'ದೋನ್ ವರ್ಷಾಂಪಾಸೂನ್' ಎರಡಕ್ಕೂ ಅದೊಂದೇ ಸಾಕು. ನಮ್ಮ 'ಸೋಮವಾರದಿಂದ', 'ಎರಡು ವರ್ಷದಿಂದ' ಕೂಡ ಹಾಗೇ ಅಲ್ಲವೇ? ಇಂಗ್ಲಿಷ್‌ನಲ್ಲಿ ಮಾತ್ರ ಹಾದಿ ಸಿನ್ಸ್, ಫಾರ್ ಎಂದು ಕವಲೊಡೆಯುತ್ತದೆ.

ಮೊದಲು ವ್ಯಾಕರಣದ ಹೆಸರುಗಳನ್ನು ಪಕ್ಕಕ್ಕಿಡಿ. ಮಕ್ಕಳಿಗೆ ಮರಾಠಿಯಲ್ಲೇ ಎರಡು ಪ್ರಶ್ನೆ ಕೊಡಿ. 'ಕೆವ್ಹಾಪಾಸೂನ್?' (ಯಾವಾಗಿನಿಂದ?) ಎಂಬುದಕ್ಕೆ ಉತ್ತರವಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2020, ಸಿನ್ಸ್ ಚೈಲ್ಡ್‌ಹುಡ್. 'ಕಿತೀ ದಿವಸ್?' (ಎಷ್ಟು ದಿನ?) ಎಂಬುದಕ್ಕೆ ಉತ್ತರವಾದರೆ ಫಾರ್: ಫಾರ್ ಟೂ ಇಯರ್ಸ್, ಫಾರ್ ಅ ಲಾಂಗ್ ಟೈಮ್. ಇದು ಬಾಯಿಗೆ ಕೂರುವ ತನಕ ಮುಂದೆ ಹೋಗಬೇಡಿ.

ಆಮೇಲೆ ಕ್ರಿಯಾಪದ. ನೀವು ಪೂರ್ತಿ ವಾಕ್ಯ ಬರೆದಿಲ್ಲ, ಆದರೆ ಅಲ್ಲೂ ಎಡವುತ್ತಿರಬಹುದು. 'ರಾಹತೋಯ್' (ವಾಸಿಸುತ್ತಿದ್ದೇನೆ) ಎಂಬುದನ್ನು ನೇರ ತಂದು 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್...' ಎನ್ನುವುದು ಸಾಮಾನ್ಯ. ಇನ್ನೂ ನಡೆಯುತ್ತಿರುವ ಸಂಗತಿಗೆ 'ಐ ಹ್ಯಾವ್ ಬೀನ್ ಲಿವಿಂಗ್' ಬೇಕು. ಮುಗಿದುಹೋದದ್ದಕ್ಕೆ ಮರಾಠಿಯೇ 'ಪಾಸೂನ್' ಕೈಬಿಡುತ್ತದೆ: 'ತೋ ದೋನ್ ವರ್ಷಂ ಪುಣ್ಯಾತ್ ರಾಹಿಲಾ'. ಅದು 'ಹೀ ಲಿವ್ಡ್ ಇನ್ ಪುಣೆ ಫಾರ್ ಟೂ ಇಯರ್ಸ್'.

'ಉದ್ಯಾಪಾಸೂನ್' (ನಾಳೆಯಿಂದ) ಬಂದಾಗ ಹುಷಾರು. ಮುಂದೆ ಶುರುವಾಗುವುದಕ್ಕೆ ಸಿನ್ಸ್ ಸಲ್ಲದು, 'ಫ್ರಂ ಟುಮಾರೋ' ಎನ್ನಬೇಕು.

ಸಿನ್ಸ್‌ಗೆ 'ಅಸಲ್ಯಾಮುಳೆ' (ಇರುವುದರಿಂದ) ಎಂಬ ಅರ್ಥವೂ ಇದೆ: 'ಸಿನ್ಸ್ ಇಟ್ ಈಸ್ ರೇನಿಂಗ್, ಸ್ಟೇ ಹಿಯರ್'. ಇದನ್ನು ಈ ವಾರ ಎತ್ತಲೇಬೇಡಿ, ಗೊಂದಲ ಹೆಚ್ಚುತ್ತದೆ.