ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಕಾರಿನ ರನ್ನಿಂಗ್ ಇನ್, ಡೆಮೊ ಕಾರಿನ ವ್ಯಾಪಾರ

ಪ್ರಶ್ನೆ: ಸರ್, ಹೊಸ ಪೆಟ್ರೋಲ್ ಕಾರು ಮನೆಗೆ ಬಂದು ವಾರ ಆಯ್ತು. ಮೊದಲ ಸಾವಿರ ಕಿ.ಮೀ. ಐವತ್ತರ ಮೇಲೆ ಓಡಿಸ್ಲೇಬಾರದು ಅಂತ ನಮ್ಮ ಮಾವ ಹಠ ಹಿಡಿದಿದ್ದಾರೆ. ಫ್ರೆಂಡ್ ಒಬ್ಬ, ಈಗಿನ ಕಾರಿಗೆ ರನ್ನಿಂಗ್ ಇನ್ನೂ ಬೇಡ ಗಿನ್ನಿಂಗೂ ಬೇಡ, ಮೊದಲ ದಿನದಿಂದ್ಲೇ ಒತ್ತು ಅಂತಾನೆ. ಯಾರ ಮಾತು ಕೇಳ್ಲಿ?

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ಕೇಳ್ಬೇಡಿ. ರನ್ನಿಂಗ್ ಇನ್ ಅಂದ್ರೆ ಹೊಸ ಎಂಜಿನ್ನನ್ನ ಶುರುವಿನಲ್ಲಿ ಹದವಾಗಿ ಓಡಿಸಿ ಪಳಗಿಸೋದು. ಎಂಜಿನ್ ಸಿಲಿಂಡರಿನ ಒಳಗೋಡೆ ಕನ್ನಡಿ ಥರ ನುಣುಪಾಗಿರುತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ, ಹಾಗಿರಲ್ಲ. ಫ್ಯಾಕ್ಟರಿಯಲ್ಲಿ ಹೋನಿಂಗ್ ಅಂತ ಮಾಡಿ ಬೇಕಂತಲೇ ಅಡ್ಡಡ್ಡ ಸಣ್ಣ ಗೀರು ಹಾಕಿರ್ತಾರೆ, ಆಯಿಲ್ ಆ ಗೀರಲ್ಲಿ ನಿಲ್ಲಬೇಕು ಅಂತ. ಪಿಸ್ಟನ್ ರಿಂಗು, ಅಂದ್ರೆ ಪಿಸ್ಟನ್ನಿನ ಸುತ್ತ ಇರೋ ಲೋಹದ ಬಳೆ, ಮೇಲೆ ಕೆಳಗೆ ಓಡ್ತಾ ಆ ಗೀರುಗಳ ತುದಿಯನ್ನ ಸವೆಸಿ ಗೋಡೆಗೆ ಸರಿಯಾಗಿ ಕೂತ್ಕೊಬೇಕು, ರನ್ನಿಂಗ್ ಇನ್ ಅನ್ನೋದರ ಮುಖ್ಯ ಕೆಲಸ ಇದೇ. ಈಗ ಮಾವನ ಐವತ್ತರ ಲೆಕ್ಕ ಯಾಕೆ ಸರಿ ಇಲ್ಲ ಅಂದ್ರೆ, ರಿಂಗನ್ನ ಗೋಡೆಗೆ ಒತ್ತಿ ಹಿಡಿಯೋದು ಅದರ ಸ್ಪ್ರಿಂಗ್ ಬಲ ಒಂದೇ ಅಲ್ಲ, ಇಂಧನ ಉರಿದಾಗ ಹುಟ್ಟೋ ಗ್ಯಾಸ್ ರಿಂಗಿನ ಹಿಂದೆ ನುಗ್ಗಿ ಅದನ್ನ ಆಚೆಗೆ ತಳ್ಳುತ್ತೆ. ತುಂಬಾ ನಾಜೂಕಾಗಿ, ಲೋಡೇ ಕೊಡದೆ ಓಡಿಸಿದ್ರೆ ಆ ಒತ್ತಡ ಸಾಲಲ್ಲ, ಗೋಡೆ ಮೇಲೆ ಉಳಿದ ಆಯಿಲ್ ಸುಟ್ಟು ವಾರ್ನಿಶ್ ಹೊಡೆದ ಹಾಗೆ ಪದರ ಕಟ್ಕೊಳ್ಳುತ್ತೆ. ಮೆಕ್ಯಾನಿಕ್‌ಗಳು ಅದಕ್ಕೆ ಗ್ಲೇಜಿಂಗ್ ಅಂತಾರೆ. ಅದಾದ್ರೆ ರಿಂಗು ಕೂರೋದೇ ಇಲ್ಲ, ಎಂಜಿನ್ ಆಯಿಲ್ ಕುಡಿಯೋಕೆ ಶುರು ಮಾಡುತ್ತೆ.

ಹಾಗಂತ ಫ್ರೆಂಡ್ ಹೇಳಿದ ಹಾಗೆ ರೆಡ್ ಲೈನ್‌ವರೆಗೂ ಎಳೀರಿ ಅಂತಲ್ಲ. ಹಿಂದೆ ಬ್ರಿಟನ್ನಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ 'ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ' ಅಂತ ಚೀಟಿ ಅಂಟಿಸ್ಕೊಂಡು ಮೆಲ್ಲಗೆ ಹೋಗ್ತಿದ್ರು, ಆ ಕಾಲ ಈಗ ಇಲ್ಲ ನಿಜ. ಈಗಿನ ಹೋನಿಂಗಲ್ಲಿ ಗೀರಿನ ಚೂಪು ತುದಿಯನ್ನ ಫ್ಯಾಕ್ಟರಿಯಲ್ಲೇ ಸವರಿ ಕಳಿಸ್ತಾರೆ, ಆಯಿಲೂ ಎಷ್ಟೋ ಸುಧಾರಿಸಿದೆ. ಆದ್ರೂ ಕಂಪನಿಗಳು ಇವತ್ತಿಗೂ ಕಾರಿನ ಜತೆ ಕೊಡೋ ಪುಸ್ತಕದಲ್ಲಿ ಇದರ ಬಗ್ಗೆ ಬರೀತಾವೆ. ಟೊಯೊಟಾದ ಹಲವು ಮಾಡೆಲ್‌ಗಳಲ್ಲಿ ಮೊದಲ 300 ಕಿ.ಮೀ. ಜೋರಾಗಿ ಬ್ರೇಕ್ ಒತ್ಬೇಡಿ, 1000 ಕಿ.ಮೀ. ತನಕ ವಿಪರೀತ ಸ್ಪೀಡು ಬೇಡ, ಒಂದೇ ಸ್ಪೀಡಲ್ಲಿ ಬಹಳ ಹೊತ್ತು ಓಡಿಸೋದೂ ಬೇಡ ಅಂತಿರುತ್ತೆ. ಬಿಎಂಡಬ್ಲ್ಯುನ ಹಲವು ಕಾರುಗಳಿಗೆ 2000 ಕಿ.ಮೀ. ತನಕ ಪೆಟ್ರೋಲ್ ಆದ್ರೆ 4500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ), ಸ್ಪೀಡು 160, ಡೀಸೆಲ್ ಆದ್ರೆ 3500 ಆರ್‌ಪಿಎಂ, ಸ್ಪೀಡು 150 ದಾಟಿಸ್ಬೇಡಿ ಅಂತಿದೆ. ಇದರಲ್ಲಿ ಐವತ್ತು ಅನ್ನೋ ನಂಬರ್ ಎಲ್ಲೂ ಇಲ್ಲ ನೋಡಿ, ಮಾವನಿಗೆ ಪುಸ್ತಕ ತೋರಿಸಿ, ಜಗಳ ಅಲ್ಲಿಗೇ ಮುಗಿಯುತ್ತೆ.

ಓಡಿಸೋವಾಗ ಸ್ಪೀಡೋಮೀಟರ್‌ಗಿಂತ ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿಡಿ. ಕಡಿಮೆ ಜಾಸ್ತಿ ಮಾಡ್ತಾ, ಗೇರ್ ಬದಲಾಯಿಸ್ತಾ, ಒಮ್ಮೊಮ್ಮೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಕ್ಸಿಲರೇಟರ್ ಕೊಟ್ಟು ಆಮೇಲೆ ಕಾಲು ಬಿಟ್ಟು, ಹೀಗೆ ಓಡಿಸಿದ್ರೆ ಸಾಕು. ಹೈವೇಲಿ ಕ್ರೂಸ್ ಕಂಟ್ರೋಲ್ ಹಾಕಿ ಗಂಟೆಗಟ್ಲೆ ಕೂರೋದು ಈಗ ಬೇಡ. ಮೈಲೇಜ್ ಆಸೆಗೆ ಐದನೇ ಗೇರಲ್ಲಿ ಮೂವತ್ತು ನಲವತ್ತರಲ್ಲಿ ಎಂಜಿನ್ ನಾಕ್ ಹೊಡೀತಾ ಇದ್ರೂ ಎಳೆಸ್ತಾರಲ್ಲ, ಅದು ಸ್ಪೀಡಾಗಿ ಓಡಿಸೋದಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಸ್ಟಾರ್ಟ್ ಮಾಡಿ ನಿಧಾನಕ್ಕೆ ಹೊರಡಿ, ಓಡ್ತಾ ಬಿಸಿ ಆಗ್ಲಿ. ಇನ್ನೊಂದು, ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದ್ರೆ ಕೂಲಂಟ್ ಬಿಸಿ ಆಗಿದೆ ಅಂತಷ್ಟೇ ಅರ್ಥ, ಆಯಿಲ್ ಬಿಸಿ ಆಗೋಕೆ ಇನ್ನೂ ಕೆಲವು ನಿಮಿಷ ಬೇಕು. ಅಲ್ಲಿವರೆಗೂ ಕಾಲು ಹಗುರ ಇರ್ಲಿ, ಇದು ಕಾರು ಹಳೇದಾದ ಮೇಲೂ ಅಷ್ಟೇ.

ಪ್ರಶ್ನೆ: 500 ಕಿ.ಮೀ.ಗೇ ಮೊದಲ ಆಯಿಲ್ ತೆಗೆದು ಹೊಸದು ಹಾಕಿಸಿದ್ರೆ ಒಳ್ಳೇದಂತೆ, ಹೌದಾ?

ಉತ್ತರ: ಪುಸ್ತಕ ಹೇಳಿದ್ರೆ ಹಾಕಿಸಿ, ಇಲ್ಲಾಂದ್ರೆ ಬೇಡ. ಹೊಂಡಾದವರು ಅವರ ಪುಸ್ತಕದಲ್ಲಿ ಸರ್ವಿಸ್ ಟೈಮ್ ಬರೋಕೆ ಮುಂಚೆ ಆಯಿಲ್ ಬದಲಾಯಿಸ್ಬೇಡಿ ಅಂತಲೇ ಬರೀತಾರೆ. ಕೆಲವು ಸ್ಪೋರ್ಟ್ಸ್ ಕಾರುಗಳಿಗೆ ಮೊದಲ ಸರ್ವಿಸ್ ಬೇಗ ಇರುತ್ತೆ, ಅವುಗಳ ವಿಚಾರ ಬೇರೆ. ಅದಕ್ಕಿಂತ ಮುಖ್ಯ ಏನಂದ್ರೆ, ರಿಂಗು ಕೂರೋವರೆಗೆ ಹೊಸ ಎಂಜಿನ್ ಸ್ವಲ್ಪ ಆಯಿಲ್ ಎಳೆಯೋದು ಸಹಜ, ಅದಕ್ಕೆ ಆಗಾಗ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಹೊಸ ಕಾರಲ್ವಾ ಅಂತ ಬಾನೆಟ್ಟೇ ಎತ್ತದೆ ಇರೋರು ಬಹಳ ಜನ.

ಪ್ರಶ್ನೆ: ಹೊಸ ಕಾರಿನ ಬ್ರೇಕ್ ಸರಿಯಾಗಿ ಹಿಡಿಯಲ್ಲ ಅನ್ಸುತ್ತೆ, ಮಳೇಲಿ ಟೈರೂ ಜಾರಿದ ಹಾಗಾಯ್ತು. ಕಾರಲ್ಲೇ ದೋಷ ಇದೆಯಾ?

ಉತ್ತರ: ಬಹುಶಃ ಇಲ್ಲ. ಹೊಸ ಪ್ಯಾಡು ಡಿಸ್ಕಿನ ಮೇಲೆ ಪೂರ್ತಿ ಅಗಲಕ್ಕೆ ಕೂತಿರಲ್ಲ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಮುಂದಿನ ಗಾಡಿಗೆ ಜಾಸ್ತಿ ಅಂತರ ಇಟ್ಕೊಂಡು, ಹದವಾಗಿ ಒತ್ತಿ ಬಿಟ್ಟು ಮಾಡಿದ್ರೆ ತಾನೇ ಸರಿಹೋಗುತ್ತೆ. ಜೋರಾಗಿ ಬ್ರೇಕ್ ಹೊಡೆದು ನಿಂತ ಮೇಲೆ ಪೆಡಲ್ ಒತ್ತಿ ಹಿಡಿದೇ ಇರೋದನ್ನ ಆದಷ್ಟು ತಪ್ಪಿಸಿ, ಬಿಸಿ ಪ್ಯಾಡು ಡಿಸ್ಕಿನ ಒಂದೇ ಕಡೆ ಅಚ್ಚೊತ್ತುತ್ತೆ, ಆಮೇಲೆ ಬ್ರೇಕ್ ಹಾಕಿದಾಗೆಲ್ಲ ಪೆಡಲ್ ನಡುಗುತ್ತೆ. ಟೈರಿನ ಕತೆ ಏನಂದ್ರೆ, ಅಚ್ಚಿನಿಂದ ಸಲೀಸಾಗಿ ಬಿಡ್ಲಿ ಅಂತ ಹಚ್ಚಿದ ಜಾರು ಪದಾರ್ಥ ಮೇಲೆ ಸ್ವಲ್ಪ ಉಳಿದಿರುತ್ತೆ, ಹೊಸ ಟೈರಲ್ಲಿ ಮುಳ್ಳುಮುಳ್ಳಾಗಿ ರಬ್ಬರ್ ಕೂದಲು ಕಾಣುತ್ತಲ್ಲ, ಅಷ್ಟು ಹೊಸದು ಅದು. ಕೆಲವು ನೂರು ಕಿ.ಮೀ. ಓಡಿದ್ಮೇಲೆ ಹಿಡಿತ ಬರುತ್ತೆ. ಅದಾದ ಮೇಲೂ ಬ್ರೇಕ್ ಒಂದು ಪಕ್ಕಕ್ಕೆ ಎಳೆದ್ರೆ ಅಥವಾ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋದ್ರೆ ಕಾಯ್ಬೇಡಿ, ತಗೊಂಡೋಗಿ ತೋರಿಸಿ.

ಪ್ರಶ್ನೆ: ಶೋರೂಮಿನವರು ಟೆಸ್ಟ್ ಡ್ರೈವ್‌ಗೆ ಇಟ್ಟಿದ್ದ ಕಾರನ್ನ ರೇಟ್ ಕಮ್ಮಿ ಮಾಡಿ ಕೊಡ್ತೀವಿ ಅಂತಿದ್ದಾರೆ. ಹತ್ತು ತಿಂಗಳ ಹಳೇದು, ಆರು ಸಾವಿರ ಕಿ.ಮೀ. ಆಗಿದೆ, ಟಾಪ್ ಮಾಡೆಲ್. ರನ್ನಿಂಗ್ ಇನ್ ಟೈಮಲ್ಲೇ ಕಂಡೋರೆಲ್ಲ ಒತ್ತಿ ಓಡಿಸಿರ್ತಾರೆ, ಎಂಜಿನ್ ಹೋಗಿರುತ್ತೆ ಅಂತ ನನ್ನ ಹೆಂಡತಿ ಬೇಡವೇ ಬೇಡ ಅಂತಾಳೆ. ತಗೋಬಹುದಾ?

ಉತ್ತರ: ತಗೋಬಹುದು, ಆದ್ರೆ ನಿಮ್ಮ ಮನೆಯವರು ಭಯ ಪಡ್ತಿರೋದು ತಪ್ಪು ಜಾಗದಲ್ಲಿ. ಟೆಸ್ಟ್ ಡ್ರೈವಲ್ಲಿ ಕಾರು ಒಮ್ಮೆ ನಿಧಾನ, ಒಮ್ಮೆ ಜೋರು, ಒಮ್ಮೆ ಟ್ರಾಫಿಕ್ಕು, ಪಕ್ಕದಲ್ಲಿ ಸೇಲ್ಸ್‌ನವರು ಕೂತಿರ್ತಾರೆ, ಹಾಗೆ ನೋಡಿದ್ರೆ ರಿಂಗು ಕೂರೋಕೆ ಬೇಕಾದ್ದು ಇಂಥ ಏರಿಳಿತದ ಓಟವೇ. ಎಂಜಿನ್‌ಗೆ ನಿಜವಾಗಿ ಕಷ್ಟ ಕೊಡೋದು ತಣ್ಣಗಿರೋವಾಗ ಒತ್ತೋದು ಮತ್ತೆ ಬರೀ ಚಿಕ್ಕ ಚಿಕ್ಕ ಟ್ರಿಪ್ಪು. ಆಯಿಲ್ ಪೂರ್ತಿ ಬಿಸಿ ಆಗದೆ ಅದರಲ್ಲಿ ಪೆಟ್ರೋಲೂ ನೀರಿನ ಅಂಶವೂ ಸೇರ್ಕೊಳ್ಳುತ್ತೆ, ಅದಕ್ಕೆ ಆಯಿಲ್ ಯಾವಾಗ ಬದಲಾಯಿಸಿದ್ರು ಅಂತ ಸರ್ವಿಸ್ ರೆಕಾರ್ಡ್ ಕೇಳಿ, ಬದಲಾಯಿಸಿಲ್ಲಾಂದ್ರೆ ಡೆಲಿವರಿಗೆ ಮುಂಚೆ ಮಾಡ್ಕೊಡಿ ಅನ್ನಿ. ಡೀಸೆಲ್ ಆದ್ರೆ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಬಗ್ಗೆ ಕೇಳ್ಲೇಬೇಕು, ಅದು ತನ್ನೊಳಗಿನ ಮಸಿ ಸುಟ್ಕೊಳ್ಳೋಕೆ ಉದ್ದದ ಓಟ ಬೇಕು, ಶೋರೂಮ್ ಸುತ್ತ ತಿರುಗೋ ಕಾರಿಗೆ ಅದು ಸಿಕ್ಕಿರಲ್ಲ.

ಮ್ಯಾನುಯಲ್ ಕಾರಾದ್ರೆ ನಾನು ಮೊದಲು ನೋಡೋದು ಕ್ಲಚ್ಚು. ಬಂದೋರೆಲ್ಲ ಅದು ಎಲ್ಲಿ ಹಿಡಿಯುತ್ತೆ ಅಂತ ಹುಡುಕ್ತಾ ಅರ್ಧ ಕ್ಲಚ್ಚಲ್ಲೇ ಎಳೆಸಿರ್ತಾರೆ. ಖಾಲಿ ರೋಡಲ್ಲಿ ನಾಲ್ಕನೇ ಗೇರಲ್ಲಿ ಕಡಿಮೆ ಸ್ಪೀಡಿಂದ ಆಕ್ಸಿಲರೇಟರ್ ಜೋರಾಗಿ ಕೊಡಿ, ಆರ್‌ಪಿಎಂ ಮುಳ್ಳು ಚಂಗನೆ ಮೇಲೆ ಹೋಗಿ ಕಾರು ಮಾತ್ರ ಹಾಗೇ ಇದ್ರೆ ಕ್ಲಚ್ ಸ್ಲಿಪ್ ಆಗ್ತಿದೆ. ಸವೆಯೋ ಭಾಗ ಅಂತ ಕ್ಲಚ್ ಪ್ಲೇಟು ಸಾಮಾನ್ಯವಾಗಿ ವಾರಂಟಿಗೆ ಬರಲ್ಲ, ಪ್ಯಾಡೂ ಟೈರೂ ಅಷ್ಟೇ. ಆಮೇಲೆ ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ, ನೂರಾರು ಜನ ಹತ್ತಿ ಇಳಿದು ಅಲ್ಲೇ ಮೊದಲು ನೆರಿಗೆ ಬೀಳೋದು. ಫುಟ್‌ಪಾತ್ ಕಡೆಯ ಅಲಾಯ್ ವ್ಹೀಲ್ ಉಜ್ಜಿದೆಯಾ, ನಾಲ್ಕೂ ಟೈರು ಒಂದೇ ಕಂಪನೀದಾ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2324 ಅಂತಿದ್ರೆ 2024ರ 23ನೇ ವಾರದಲ್ಲಿ ತಯಾರಾಗಿದ್ದು, ಒಂದು ಟೈರಿನ ತಾರೀಖು ಮಾತ್ರ ಬೇರೆ ಇದ್ರೆ ಯಾಕೆ ಅಂತ ಕೇಳಿ, ಅದು ಪಂಕ್ಚರ್ ಆಗಿದ್ದೋ ಗುದ್ದಿದ್ದೋ ಅಲ್ಲೇ ಗೊತ್ತಾಗುತ್ತೆ. ಸ್ಕ್ರೀನಲ್ಲಿ ಬ್ಲೂಟೂತ್ ಲಿಸ್ಟ್ ತೆಗೀರಿ, ಯಾರ್ಯಾರದ್ದೋ ಫೋನ್ ಹೆಸರು ಸಾಲಾಗಿ ಕೂತಿರುತ್ತೆ, ಫ್ಯಾಕ್ಟರಿ ರೀಸೆಟ್ ಮಾಡಿಸಿ. ಮೊಬೈಲ್ ಆ್ಯಪ್‌ನಿಂದ ಲಾಕ್ ತೆಗೆಯೋ ಕಾರಾದ್ರೆ ಹಳೇ ಅಕೌಂಟ್ ತೆಗೆಸದೆ ಕೀ ಇಸ್ಕೋಬೇಡಿ, ಇಲ್ಲಾಂದ್ರೆ ನಿಮ್ಮ ಕಾರು ಎಲ್ಲಿ ನಿಂತಿದೆ ಅಂತ ಇನ್ಯಾರಿಗೋ ಕಾಣ್ತಾ ಇರುತ್ತೆ.

ನೀವು ನಿಜವಾಗಿ ಕಳ್ಕೊಳ್ಳೋದು ದಿನ. ವಾರಂಟಿ ಸಾಮಾನ್ಯವಾಗಿ ಮೊದಲ ರಿಜಿಸ್ಟ್ರೇಶನ್ ತಾರೀಖಿಂದ ಶುರು, ನೀವು ಕೊಂಡ ದಿನದಿಂದಲ್ಲ, ಮೂರು ವರ್ಷದ ವಾರಂಟಿ ಆದ್ರೆ ಹತ್ತು ತಿಂಗಳು ಆಗಲೇ ಹೋಗಿದೆ. ಕಾರು ಶೋರೂಮ್ ಹೆಸರಲ್ಲಿ ರಿಜಿಸ್ಟರ್ ಆಗಿದ್ರೆ ನೀವು ಎರಡನೇ ಓನರ್, ಮಾರೋವಾಗ ಕೊಳ್ಳೋನು ಕಿ.ಮೀ.ಗಿಂತ ಮೊದಲು ಕೇಳೋದು ಅದನ್ನೇ. ಸಾಲ ಕೊಡೋರೂ ಇದನ್ನ ಹಳೇ ಕಾರು ಅಂತ ಲೆಕ್ಕ ಹಾಕಿ ಬಡ್ಡಿ ಜಾಸ್ತಿ ಹೇಳಬಹುದು. ಅದಕ್ಕೆ ಅವರು ಹೇಳೋ ಡಿಸ್ಕೌಂಟನ್ನ ಹೊಸ ಕಾರಿನ ಲಿಸ್ಟ್ ಪ್ರೈಸ್ ಜತೆ ಹೋಲಿಸ್ಬೇಡಿ. ಅದೇ ಕಾರು ಹೊಸದಕ್ಕೆ ಚೌಕಾಸಿ ಮಾಡಿದ್ರೆ ಎಷ್ಟಕ್ಕೆ ಸಿಗುತ್ತೆ ಅಂತ ಇನ್ನೊಂದು ಶೋರೂಮಲ್ಲಿ ಕೇಳಿ ಬಂದು ಆ ರೇಟಿನ ಜತೆ ಹೋಲಿಸಿ, ಎಷ್ಟೋ ಸಲ ವ್ಯತ್ಯಾಸ ನೀವಂದ್ಕೊಂಡಿದ್ದರ ಅರ್ಧ ಆಗಿರುತ್ತೆ. ಟಾಪ್ ಮಾಡೆಲ್ ಅನ್ನೋ ಮಾತಿಗೂ ಮರುಳಾಗ್ಬೇಡಿ, ಡೆಮೊ ಕಾರು ಬಹುಪಾಲು ಟಾಪ್ ಮಾಡೆಲ್ಲೇ, ನಿಮಗೆ ಸನ್‌ರೂಫ್ ಬೇಡದೇ ಇದ್ರೆ ಅದಕ್ಕೆ ಯಾಕೆ ದುಡ್ಡು ಕೊಡ್ತೀರ. ಆದ್ರೆ ಮೊದಲಿಂದ್ಲೂ ಅದೇ ಮಾಡೆಲ್ ಬೇಕಿತ್ತು, ಬಣ್ಣಾನೂ ಹಿಡಿಸಿದೆ, ಆರೆಂಟು ವರ್ಷ ಮಾರೋ ಯೋಚನೆ ಇಲ್ಲ ಅಂದ್ರೆ ಎರಡನೇ ಓನರ್ ಅನ್ನೋದು ನಿಮಗೆ ದೊಡ್ಡ ನಷ್ಟ ಅಲ್ಲ. ಉಳಿದ ವಾರಂಟಿ ಎಲ್ಲಿವರೆಗೆ ಅನ್ನೋದನ್ನ ತಾರೀಖಿನ ಸಮೇತ ಬರವಣಿಗೆಯಲ್ಲಿ ಇಸ್ಕೊಳ್ಳಿ, ಸಾಧ್ಯವಾದ್ರೆ ಅವರ ಖರ್ಚಲ್ಲೇ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಿ. ರೇಟ್ ಇನ್ನು ಕಮ್ಮಿ ಮಾಡಕ್ಕಾಗಲ್ಲ ಅನ್ನೋರೂ ಇದಕ್ಕೆ ಒಪ್ಕೋತಾರೆ.

ಪ್ರಶ್ನೆ: ಎಲೆಕ್ಟ್ರಿಕ್ ಡೆಮೊ ಕಾರು ಆದ್ರೆ ಇಷ್ಟೆಲ್ಲ ತಲೆನೋವು ಇಲ್ಲ ಅಲ್ವಾ?

ಉತ್ತರ: ರಿಂಗು, ಕ್ಲಚ್ಚು, ಆಯಿಲ್ ತಲೆನೋವು ಇಲ್ಲ. ಬ್ಯಾಟರಿದು ಇದೆ. ಡೆಮೊ ಕಾರನ್ನ ಯಾವಾಗ್ಲೂ ರೆಡಿ ಇರ್ಲಿ ಅಂತ ನೂರು ಪರ್ಸೆಂಟ್ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸಿರಬಹುದು, ಲಿಥಿಯಂ ಬ್ಯಾಟರಿಗೆ ಅದು ಒಳ್ಳೇದಲ್ಲ. ಬ್ಯಾಟರಿ ಹೆಲ್ತ್ ರಿಪೋರ್ಟ್ ಪ್ರಿಂಟ್ ಹಾಕಿಸಿ ಇಸ್ಕೊಳ್ಳಿ. ಬಹಳ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡ್ತಾವೆ, ಎರಡನೇ ಓನರ್‌ಗೂ ಅದು ಪೂರ್ತಿ ಸಿಗುತ್ತಾ ಅಂತ ಕೇಳಿ. ಬ್ರೇಕ್ ಡಿಸ್ಕ್ ಮೇಲೆ ತುಕ್ಕು ಕಂಡ್ರೆ ಗಾಬರಿ ಆಗ್ಬೇಡಿ, ರೀಜೆನ್ (ಕಾಲು ಬಿಟ್ಟಾಗ ಮೋಟಾರೇ ಕಾರನ್ನ ನಿಧಾನ ಮಾಡಿ ಬ್ಯಾಟರಿ ತುಂಬೋದು) ಇರೋದ್ರಿಂದ ಪ್ಯಾಡಿಗೆ ಕೆಲಸ ಕಮ್ಮಿ, ಹೊಸ ಪ್ಯಾಡು ಕೂರೋಕೂ ಜಾಸ್ತಿ ದಿನ ಹಿಡಿಯುತ್ತೆ. ಹಿಂದೆ ಯಾರೂ ಇಲ್ಲದಾಗ ರೀಜೆನ್ ಕಡಿಮೆ ಮಾಡ್ಕೊಂಡು ಆಗಾಗ ಪೆಡಲ್ ಚೆನ್ನಾಗಿ ಒತ್ತಿ ನಿಲ್ಲಿಸಿ, ಡಿಸ್ಕು ತಾನೇ ಹೊಳಪಾಗುತ್ತೆ.