ಎಳೆತ ಎರಡೂ ಕಡೆ ಸಮ ಆದರೆ ಗಾಡಿ ಹೊರಡುವುದು ಹೇಗೆ?

ಮೇಡಂ, "ಎತ್ತು ಎಳೆದಷ್ಟೇ ಗಾಡಿಯೂ ಹಿಂದಕ್ಕೆ ಎಳೆದರೆ ಗಾಡಿ ಕದಲಲೇಬಾರದು ಅಲ್ವಾ?" ಅಂತ ನಿಮ್ಮ ಏಳನೇ ತರಗತಿ ಹುಡುಗಿ ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ಆ ಎರಡು ಬಲಗಳು ಒಂದೇ ವಸ್ತುವಿನ ಮೇಲಿಲ್ಲ. ಒಂದು ಗಾಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ಗಾಡಿಯ ಮೇಲಿನ ಬಲಗಳನ್ನಷ್ಟೇ ನೋಡಿ: ಎತ್ತಿನ ಎಳೆತ ಘರ್ಷಣೆಗಿಂತ ಜಾಸ್ತಿ ಆದರೆ ಗಾಡಿ ಹೊರಡುತ್ತದೆ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಅದನ್ನು ಮುಂದಕ್ಕೆ ತಳ್ಳುತ್ತದೆ. ಕೆಸರಿನಲ್ಲಿ ಕಾಲು ಜಾರಿದರೆ ಗಾಡಿ ನಿಲ್ಲುವುದು ಇದಕ್ಕೇ.

ನ್ಯೂಟನ್‌ನ ಮೂರನೇ ನಿಯಮ (ಒಂದು ವಸ್ತು ಇನ್ನೊಂದನ್ನು ಎಳೆದರೆ ಅಥವಾ ತಳ್ಳಿದರೆ, ಅದೂ ಅಷ್ಟೇ ಬಲದಿಂದ ಎದುರು ದಿಕ್ಕಿಗೆ ಎಳೆಯುತ್ತದೆ ಅಥವಾ ತಳ್ಳುತ್ತದೆ) ಬರೆಸುವ ಮೊದಲು ಎರಡು ಸ್ಪ್ರಿಂಗ್ ತಕ್ಕಡಿಗಳನ್ನು ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಇಬ್ಬರು ಮಕ್ಕಳಿಗೆ ಕೊಡಿ. ಒಬ್ಬರು ಸುಮ್ನೆ ಹಿಡಿದು ನಿಂತರೂ ಇಲ್ಲಿ 5 ನ್ಯೂಟನ್ (ಬಲದ ಅಳತೆ) ಅಂದರೆ ಅಲ್ಲೂ 5. ಆಮೇಲೆ 'ಯಾವುದು ಯಾವುದನ್ನು ಎಳೆಯುತ್ತಿದೆ' ಅಂತ ಅವರಿಂದಲೇ ಹೇಳಿಸಿ.