ಒಬ್ಬರ ಫೋನಿಗೆ ಇಡೀ ವಿಭಾಗವನ್ನು ಕಟ್ಟಬೇಡಿ

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗವೊಂದರಲ್ಲಿ ಕಚೇರಿ ಸಹಾಯಕಿ. ವಿಭಾಗಕ್ಕೆ ವಿಶ್ವವಿದ್ಯಾಲಯ ಕೊಟ್ಟಿರುವ ಗೂಗಲ್ ಖಾತೆ ಒಂದಿದೆ. ಅದರ ಪಾಸ್‌ವರ್ಡ್ ಅಧ್ಯಕ್ಷರಿಗೆ, ಇಬ್ಬರು ಅಧ್ಯಾಪಕರಿಗೆ ಮತ್ತು ನನಗೆ ಗೊತ್ತು. ಈ ತಿಂಗಳೊಳಗೆ ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಹಾಕಿಕೊಳ್ಳದಿದ್ದರೆ ಖಾತೆ ನಿಲ್ಲಿಸುತ್ತೇವೆ ಎಂದು ಕಂಪ್ಯೂಟರ್ ಕೇಂದ್ರದಿಂದ ಸುತ್ತೋಲೆ ಬಂದಿದೆ. ಅಧ್ಯಕ್ಷರು "ನನ್ನ ನಂಬರ್ ಹಾಕಿಬಿಡಿ, ಬೇಕಾದಾಗ ಫೋನ್ ಮಾಡಿ, ಒಟಿಪಿ ಹೇಳ್ತೀನಿ" ಎನ್ನುತ್ತಾರೆ. ಅವರ ಊರು ತೀರ್ಥಹಳ್ಳಿ ಕಡೆ. ಶನಿವಾರ ಊರಿಗೆ ಹೋದರೆ ಸೋಮವಾರದವರೆಗೆ ಫೋನ್ ಸಿಗುವುದಿಲ್ಲ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಅಧ್ಯಕ್ಷರು ಬದಲಾಗುತ್ತಾರೆ. ಹಿಂದಿನವರು ನಿವೃತ್ತರಾಗಿ ಹೋದರೂ ಅವರ ನಂಬರೇ ಖಾತೆಯಲ್ಲಿ ಇನ್ನೂ ಕೂತಿದೆ. ಏನು ಮಾಡಲಿ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಅಧ್ಯಕ್ಷರ ನಂಬರ್ ಹಾಕಬೇಡಿ. ನಿಮ್ಮ ನಂಬರನ್ನೂ ಹಾಕಬೇಡಿ. ನಿಮ್ಮ ಅಧ್ಯಕ್ಷರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಅನುಮಾನವಿಲ್ಲ. ಆದರೆ ಫೋನಿನಲ್ಲಿ ಒಟಿಪಿ ಓದಿ ಹೇಳುವ ರೂಢಿಯೇ ಅಪಾಯ. ನಾಳೆ ಯಾರೋ ನಿಮ್ಮ ಹೆಸರು ಹೇಳಿಕೊಂಡು, ಅವಸರದ ದನಿಯಲ್ಲಿ, "ಸರ್, ಕೋಡ್ ಬಂತಾ?" ಎಂದು ಕೇಳಿದರೆ ಅವರು ಅಷ್ಟೇ ಸಲೀಸಾಗಿ ಹೇಳಿಬಿಡುತ್ತಾರೆ. ಕಳ್ಳರು ಕಾಯುವುದು ಇಂಥ ಅಭ್ಯಾಸ ಬೆಳೆದ ಕಚೇರಿಗಳನ್ನೇ.

ಪರೀಕ್ಷಾ ಕೆಲಸ ಮಾಡಿದವರಿಗೆ ಖಜಾನೆಯ ಡಬಲ್ ಲಾಕ್ ಗೊತ್ತಿರುತ್ತದೆ. ಎರಡು ಬೀಗ, ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಅಲ್ಲಿ ಕೀಲಿ ಇರುವುದು ಹುದ್ದೆಯ ಬಳಿ. ಅಧಿಕಾರಿ ವರ್ಗವಾದರೆ ಕೀಲಿಯನ್ನು ರಿಜಿಸ್ಟರಿನಲ್ಲಿ ಸಹಿ ಮಾಡಿಸಿ ಮುಂದಿನವರಿಗೆ ಒಪ್ಪಿಸಿಯೇ ಹೋಗಬೇಕು. ನಿಮ್ಮ ಖಾತೆಯ ಎರಡನೇ ಕೀಲಿಯೂ ಹಾಗೆಯೇ ಹುದ್ದೆಯ ಜೊತೆ ಇರಬೇಕು.

ಸೆಟ್ಟಿಂಗ್ ತೆರೆಯುವ ಮೊದಲು ಒಂದು ಮಾತು ಕೇಳಿಕೊಳ್ಳಿ. ನಾಲ್ಕು ಜನ ಒಂದೇ ಪಾಸ್‌ವರ್ಡ್ ಹಾಕಿ ಒಳಹೋಗುವ ಅಗತ್ಯ ನಿಜಕ್ಕೂ ಇದೆಯೇ? ನಿಮ್ಮ ನಾಲ್ವರಿಗೂ ವಿಶ್ವವಿದ್ಯಾಲಯದ ಸ್ವಂತ ಮೇಲ್ ಖಾತೆ ಇದ್ದರೆ ಬಹುಪಾಲು ಅಗತ್ಯವಿಲ್ಲ. ಜಿಮೇಲ್ ಸೆಟ್ಟಿಂಗ್‌ನಲ್ಲಿ ಖಾತೆಗಳ ವಿಭಾಗಕ್ಕೆ ಹೋದರೆ, ನಿಮ್ಮ ಖಾತೆಯನ್ನು ನೋಡಿಕೊಳ್ಳಲು ಇನ್ನೊಬ್ಬರಿಗೆ ಅನುಮತಿ ಕೊಡುವ ಆಯ್ಕೆ ಸಿಗುತ್ತದೆ. ಇದಕ್ಕೆ ಡೆಲಿಗೇಶನ್ ಎನ್ನುತ್ತಾರೆ. ಆ ಅನುಮತಿ ಪಡೆದವರು ತಮ್ಮ ಖಾತೆಯಿಂದಲೇ ವಿಭಾಗದ ಮೇಲ್ ಓದಬಹುದು, ಉತ್ತರಿಸಬಹುದು, ಅಳಿಸಲೂಬಹುದು. ಪಾಸ್‌ವರ್ಡ್ ಬದಲಿಸಲು ಮಾತ್ರ ಆಗುವುದಿಲ್ಲ. ಒಬ್ಬರು ವರ್ಗವಾದರೆ ಅವರ ಹೆಸರು ತೆಗೆದರೆ ಸಾಕು, ಉಳಿದವರಿಗೆ ತೊಂದರೆ ಇಲ್ಲ. ಈ ಆಯ್ಕೆ ನಿಮಗೆ ಕಾಣಿಸದಿದ್ದರೆ ಕಂಪ್ಯೂಟರ್ ಕೇಂದ್ರದವರು ಅದನ್ನು ತೆರೆದಿಲ್ಲ ಎಂದರ್ಥ. ಅಧ್ಯಕ್ಷರ ಸಹಿ ಮಾಡಿಸಿ ಒಂದು ಪತ್ರ ಬರೆದು ಕೇಳಿ. ಡೆಲಿಗೇಶನ್ ಮೇಲ್‌ಗೆ ಮಾತ್ರ, ಡ್ರೈವ್‌ನ ಕಡತಗಳಿಗೆ ಅನ್ವಯಿಸುವುದಿಲ್ಲ. ಆ ಫೋಲ್ಡರ್‌ಗಳನ್ನು ನಾಲ್ವರ ಸ್ವಂತ ಖಾತೆಗೂ ಪ್ರತ್ಯೇಕವಾಗಿ ಶೇರ್ ಮಾಡಬೇಕು. ಮೈಕ್ರೋಸಾಫ್ಟ್ ಬಳಸುವ ಸಂಸ್ಥೆಗಳವರು ಇದೇ ಕೆಲಸಕ್ಕೆ ಶೇರ್ಡ್ ಮೇಲ್‌ಬಾಕ್ಸ್ ಕೇಳಬೇಕು. ಅಲ್ಲೂ ಪ್ರತಿಯೊಬ್ಬರು ತಮ್ಮ ತಮ್ಮ ಖಾತೆಯಿಂದಲೇ ಒಳಬರುತ್ತಾರೆ.

ಇಷ್ಟಾದ ಮೇಲೂ ವಿಭಾಗದ ಖಾತೆಗೆ ನೇರವಾಗಿ ಲಾಗಿನ್ ಆಗಬಲ್ಲವರು ಇಬ್ಬರಾದರೂ ಬೇಕು. ಅಧ್ಯಕ್ಷರು ಮತ್ತು ನೀವು ಎಂದಿಟ್ಟುಕೊಳ್ಳೋಣ. ಇಬ್ಬರೂ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದ್ದು ಅದು, ಏಕೆಂದರೆ ಅದಕ್ಕೆ ಸಿಗ್ನಲ್ಲೇ ಬೇಕಿಲ್ಲ. ಪರದೆಯ ಮೇಲಿನ ಕ್ಯೂಆರ್ ಕೋಡ್‌ನಲ್ಲಿ ಒಂದು ಗುಟ್ಟಿನ ಅಕ್ಷರಮಾಲೆ ಇರುತ್ತದೆ. ಫೋನ್ ಅದನ್ನು ಒಮ್ಮೆ ಓದಿಟ್ಟುಕೊಂಡು, ಆ ಕ್ಷಣದ ಸಮಯದ ಜೊತೆ ಸೇರಿಸಿ ಲೆಕ್ಕ ಹಾಕಿ, 30 ಸೆಕೆಂಡಿಗೊಂದು ಹೊಸ 6 ಅಂಕಿಯ ಸಂಖ್ಯೆ ಕೊಡುತ್ತದೆ. ಅತ್ತ ಗೂಗಲ್ ಕೂಡ ಅದೇ ಲೆಕ್ಕ ಹಾಕಿರುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಆಗುಂಬೆಯ ಮಳೆಯಲ್ಲಿ ಟವರ್ ಬಿದ್ದಿದ್ದರೂ ಫೋನಿನಲ್ಲಿ ಸಂಖ್ಯೆ ಬರುತ್ತಲೇ ಇರುತ್ತದೆ.

ಗುಟ್ಟು ಒಂದೇ ಆದ್ದರಿಂದ, ಅದೇ ಕ್ಯೂಆರ್ ಕೋಡನ್ನು ಎರಡು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಎರಡರಲ್ಲೂ ಅದೇ ಸಂಖ್ಯೆ ಬರುತ್ತದೆ. ಹೀಗಾಗಿ ಅಧ್ಯಕ್ಷರು ಊರಿನಲ್ಲಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ. ಆದರೆ ಆ ಕೋಡ್ ಮತ್ತೆ ಮತ್ತೆ ತೋರಿಸುವಂಥದ್ದಲ್ಲ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು, ಇಬ್ಬರ ಫೋನಿನಲ್ಲೂ ಸ್ಕ್ಯಾನ್ ಆದ ಮೇಲೆಯೇ ಮುಂದಿನ ಗುಂಡಿ ಒತ್ತಿ. ಪರದೆಯ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸುವ ಕೆಲಸ ಮಾತ್ರ ಬೇಡ. ಆ ಚಿತ್ರ ಯಾರ ಕೈಗೆ ಸಿಕ್ಕರೂ ನಿಮ್ಮ ಎರಡನೇ ಬೀಗ ಇಲ್ಲದಂತೆಯೇ. ಗೂಗಲ್‌ನಲ್ಲಿ ಮೊದಲು ಫೋನ್ ನಂಬರ್ ಕೊಟ್ಟೇ ಮುಂದೆ ಹೋಗಬೇಕಿತ್ತು. 2024ರಿಂದ ನಂಬರ್ ಕೊಡದೆಯೂ ನೇರವಾಗಿ ಆ್ಯಪ್ ಸೇರಿಸಬಹುದು.

ಆ ಮೇಲೆ ಬ್ಯಾಕಪ್ ಕೋಡ್‌ಗಳು. ದಯವಿಟ್ಟು ಇದನ್ನು ಬಿಡಬೇಡಿ. ಗೂಗಲ್ 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದೊಂದೂ ಒಂದು ಸಲಕ್ಕೆ ಮಾತ್ರ. ಎರಡೂ ಫೋನ್ ಕೈಕೊಟ್ಟ ದಿನ ವಿಭಾಗವನ್ನು ಉಳಿಸುವುದು ಈ ಕಾಗದ. ನಮ್ಮ ಕಡೆ ಆಷಾಢದ ಥಂಡಿಗೆ ಇಂಕ್‌ಜೆಟ್ ಅಕ್ಷರ ಹರಡಿಕೊಳ್ಳುತ್ತದೆ, ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಬಾಲ್‌ಪೆನ್ನಿನಲ್ಲಿ ದಪ್ಪಗೆ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಲಕೋಟೆ ಅಂಟಿಸಿ, ಅಂಟಿನ ಮೇಲೆ ಇಬ್ಬರೂ ಸಹಿ ಮಾಡಿ ಬೀರುವಿನಲ್ಲಿಡಿ. ಒಂದು ಬಳಸಿದರೆ ಗೀಟು ಹಾಕಿ ದಿನಾಂಕ ಬರೆಯಿರಿ. ಹೊಸ 10 ಕೋಡ್ ತೆಗೆದ ಕೂಡಲೇ ಹಳೆಯವು ಸತ್ತುಹೋಗುತ್ತವೆ. ಹಳೆಯ ಕಾಗದ ಹರಿದುಹಾಕಿ.

ನಿವೃತ್ತರಾದವರ ನಂಬರನ್ನು ಇವತ್ತೇ ತೆಗೆಯಿರಿ. ಎರಡು ಹಂತದ ಪಟ್ಟಿಯಲ್ಲಿ ತೆಗೆದರಷ್ಟೇ ಸಾಲದು, ಖಾತೆ ಮರಳಿ ಪಡೆಯಲು ಕೊಟ್ಟ ರಿಕವರಿ ಫೋನ್ ಮತ್ತು ರಿಕವರಿ ಮೇಲ್ ಎಂಬಲ್ಲಿಯೂ ನೋಡಿ. ಬಿಟ್ಟುಬಿಟ್ಟ ಸಿಮ್ಮಿನ ನಂಬರ್ ಕೆಲವು ತಿಂಗಳ ಬಳಿಕ ಗುರುತಿಲ್ಲದ ಇನ್ನೊಬ್ಬರಿಗೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ, ಲಾಗಿನ್ ಆಗಿರುವ ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ಬೇರೊಂದು ಕಂಪ್ಯೂಟರಿನಲ್ಲಿ ಇಬ್ಬರೂ ಒಂದೊಂದು ಸಲ ಒಳಹೋಗಿ ನೋಡಿ. ಎಲ್ಲರೂ ಕೂರುವ ಕಂಪ್ಯೂಟರಿನಲ್ಲಿ "ಈ ಸಾಧನದಲ್ಲಿ ಮತ್ತೆ ಕೇಳಬೇಡ" ಎಂಬ ಗುರುತು ಇದ್ದರೆ ತೆಗೆದುಬಿಡಿ.

ಅಧ್ಯಕ್ಷರು ಬದಲಾದ ದಿನ ಮಾಡಬೇಕಾದ್ದನ್ನು ಈಗಲೇ ಚಾರ್ಜ್ ಪಟ್ಟಿಯಲ್ಲಿ ಬರೆದಿಡಿ: ಹೊಸ ಪಾಸ್‌ವರ್ಡ್, ಹಳೆಯ ಆ್ಯಪ್ ತೆಗೆದು ಹೊಸ ಕ್ಯೂಆರ್ ಕೋಡ್, ಹೊಸ ಬ್ಯಾಕಪ್ ಕೋಡ್. ಹೋದವರ ಮೇಲೆ ಅನುಮಾನವೆಂದು ಯಾರೂ ಭಾವಿಸಬಾರದು. ಅವರ ಹಳೆಯ ಫೋನ್ ಮೊಮ್ಮಗನ ಕೈಗೋ ಅಂಗಡಿಯ ಎಕ್ಸ್‌ಚೇಂಜ್‌ಗೋ ಹೋದಾಗ ನಿಮ್ಮ ಗುಟ್ಟೂ ಅದರ ಜೊತೆ ಹೋಗಬಾರದು, ಅಷ್ಟೇ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಹಿಂದೆ ಕೆಲಸಕ್ಕಿದ್ದ ಕಾಲೇಜೊಂದರಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಲಾಗಿನ್ ಒಬ್ಬರೇ ಹಿರಿಯರ ನಂಬರಿಗೆ ಕಟ್ಟಿತ್ತು. ಕೊನೆಯ ದಿನದ ಹಿಂದಿನ ಸಂಜೆ ಅವರ ಫೋನ್ ಶರಾವತಿ ಹಿನ್ನೀರಿಗೆ ಬಿತ್ತು. ಬೆಳಿಗ್ಗೆ ಸಾಗರಕ್ಕೆ ಹೋಗಿ ಅದೇ ನಂಬರಿನ ಹೊಸ ಸಿಮ್ ತಂದರು. ಆದರೆ ಸಿಮ್ ಬದಲಿಸಿದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬಾರದಂತೆ ತಡೆ ಇರುತ್ತದೆ. ವಂಚಕರು ಬೇರೆಯವರ ಸಿಮ್ ತೆಗೆಸುವುದನ್ನು ತಡೆಯಲು ಮಾಡಿದ ಒಳ್ಳೆಯ ನಿಯಮವೇ ಅದು. ಅಂದು ಮಾತ್ರ ನಮ್ಮ ಮಕ್ಕಳಿಗೆ ಮುಳ್ಳಾಯಿತು. ಕೆಲವರ ಅರ್ಜಿ ಆ ವರ್ಷ ಹಾಗೆಯೇ ಉಳಿಯಿತು. ಕಚೇರಿಯ ಬಾಗಿಲಲ್ಲಿ ನಿಂತಿದ್ದ ಆ ಮಕ್ಕಳ ಮುಖ ನನಗೆ ಇನ್ನೂ ಮರೆತಿಲ್ಲ.

ಎಸ್ಸೆಮ್ಮೆಸ್ ಒಟಿಪಿ ಬಿಟ್ಟು ಬೇರೆ ದಾರಿಯೇ ಕೊಡದ ಸರ್ಕಾರಿ ಜಾಲತಾಣಗಳಿಗೆ ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್ ತೆಗೆಸಿ, ಗುಂಡಿಯ ಫೋನಿಗೆ ಹಾಕಿ, ಕಚೇರಿಯಲ್ಲೇ ಬೀಗದೊಳಗಿಡಿ. ರೀಚಾರ್ಜ್ ಮಾಡುವ ಹೊಣೆ ಯಾರದೆಂದು ಬರೆದಿಡಿ. ಬಳಸದೇ ಬಿಟ್ಟ ಪ್ರೀಪೇಯ್ಡ್ ಸಿಮ್ ತಾನಾಗಿಯೇ ನಿಂತುಹೋಗುತ್ತದೆ.

ಪ್ರಶ್ನೆ: ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡೆ. ಮೊದಲ ದಿನದಿಂದಲೂ ಅದು ಕೊಡುವ ಸಂಖ್ಯೆ ತಪ್ಪು ಎಂದೇ ಬರುತ್ತಿದೆ. ಸಹೋದ್ಯೋಗಿಗೆ ಸರಿಯಾಗಿ ಕೆಲಸ ಮಾಡುತ್ತದೆ. ನಮ್ಮೂರಿನ ನೆಟ್‌ವರ್ಕ್ ದೋಷವೇ?
— ಉಪನ್ಯಾಸಕರು, ಹೊಸನಗರ

ಉತ್ತರ: ನೆಟ್‌ವರ್ಕ್ ಅಲ್ಲ, ಬಹುಶಃ ಗಡಿಯಾರ. ಬಸ್ ತಪ್ಪಬಾರದೆಂದು ಫೋನಿನ ಸಮಯವನ್ನು ಐದು ನಿಮಿಷ ಮುಂದಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಈ ಆ್ಯಪ್‌ಗಳು ಅನುಸರಿಸುವ ಲೆಕ್ಕ 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6238 ಎಂಬ ಮಾನದಂಡದ್ದು. 1970ರ ಜನವರಿ 1ರಿಂದ ಎಷ್ಟು 30 ಸೆಕೆಂಡುಗಳು ಕಳೆದಿವೆ ಎಂದು ಎಣಿಸಿ ಸಂಖ್ಯೆ ಹುಟ್ಟಿಸುತ್ತದೆ. ಅರ್ಧ ನಿಮಿಷದ ಆಚೀಚೆಯನ್ನು ಸಾಮಾನ್ಯವಾಗಿ ಸಹಿಸುತ್ತಾರೆ, ಐದು ನಿಮಿಷವನ್ನಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ದಿನಾಂಕ, ಸಮಯ ಎರಡನ್ನೂ ತಾನಾಗಿಯೇ ಹೊಂದಿಕೊಳ್ಳುವಂತೆ ಮಾಡಿ. ಬಸ್ಸಿಗೆ ಕೈಗಡಿಯಾರವನ್ನು ಮುಂದಿಡಿ.

ಪ್ರಶ್ನೆ: ಎರಡು ಹಂತದ ದೃಢೀಕರಣ ಹಾಕಿದ ಮೇಲೆ ವಿಭಾಗದ ಜೆರಾಕ್ಸ್ ಯಂತ್ರದಿಂದ ಸ್ಕ್ಯಾನ್ ಮೇಲ್‌ಗೆ ಹೋಗುತ್ತಿಲ್ಲ. ಕೆಟ್ಟಿತೆಂದು ಸರ್ವಿಸ್‌ನವರನ್ನು ಕರೆಸಬೇಕೆ?
— ಶಿವಮೊಗ್ಗ

ಉತ್ತರ: ಬೇಡ. ಆ ಯಂತ್ರದೊಳಗೆ ನಿಮ್ಮ ಮೇಲ್ ಪಾಸ್‌ವರ್ಡ್ ಬರೆದಿಟ್ಟಿರುತ್ತಾರೆ. ಅದಕ್ಕೆ 6 ಅಂಕಿ ಓದಿ ಒತ್ತಲು ಬರುವುದಿಲ್ಲ. ಇಂಥ ಸಾಧನಗಳಿಗೆಂದೇ ಗೂಗಲ್ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಕೊಡುತ್ತದೆ. ಎರಡು ಹಂತದ ದೃಢೀಕರಣ ಹಾಕಿದವರಿಗಷ್ಟೇ ಆ ಸೌಲಭ್ಯ. ಅದನ್ನು ಪಡೆದು ಯಂತ್ರದಲ್ಲಿ ಹಳೆಯದರ ಜಾಗಕ್ಕೆ ಹಾಕಿ. ಖಾತೆಯ ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಇದು ರದ್ದಾಗುತ್ತದೆ, ಹೊಸದು ಮಾಡಿಕೊಳ್ಳಬೇಕು. ನಿಮ್ಮ ಸಂಸ್ಥೆಯಲ್ಲಿ ಈ ಸೌಲಭ್ಯ ಮುಚ್ಚಿದ್ದರೆ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿ.

ಪ್ರಶ್ನೆ: ರಾತ್ರಿ ಹನ್ನೊಂದರ ಮೇಲೆ ನನ್ನ ಫೋನಿನಲ್ಲಿ "ಲಾಗಿನ್ ಆಗುತ್ತಿರುವುದು ನೀವೇನಾ?" ಎಂದು ಏಳೆಂಟು ಸಲ ಬಂತು. ಕಿರಿಕಿರಿಯಾಗಿ ಕೊನೆಗೆ ಹೌದು ಎಂದು ಒತ್ತಿ ಮಲಗಿದೆ. ಏನಾದರೂ ತೊಂದರೆಯೇ?
— ಅಧ್ಯಾಪಕಿ, ಸಾಗರ

ಉತ್ತರ: ಮೇಡಂ, ಇದನ್ನು ಓದಿದ ಕೂಡಲೇ ಎದ್ದು ಪಾಸ್‌ವರ್ಡ್ ಬದಲಿಸಿ. ಆ ಪ್ರಶ್ನೆ ಬರುವುದೇ ಪಾಸ್‌ವರ್ಡ್ ಸರಿಯಾಗಿ ಹಾಕಿದ ಮೇಲೆ ಎಂದಿಟ್ಟುಕೊಳ್ಳುವುದು ಕ್ಷೇಮ. ಅಂದರೆ ನಿಮ್ಮ ಮೊದಲ ಕೀಲಿ ಆಗಲೇ ಕಳ್ಳನ ಕೈಯಲ್ಲಿತ್ತು. ಬೇಸತ್ತು ಒತ್ತಲಿ ಎಂದೇ ಅವರು ಮತ್ತೆ ಮತ್ತೆ ಕಳಿಸುತ್ತಾರೆ. ಇದೇ ಕಾರಣಕ್ಕೆ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ಬರೀ ಹೌದು, ಅಲ್ಲ ಎಂಬುದನ್ನು ಬಿಟ್ಟು, ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ಫೋನಿನಲ್ಲಿ ಹಾಕಲೇಬೇಕು ಎಂದು ಮಾಡಿತು.

ಪಾಸ್‌ವರ್ಡ್ ಬದಲಿಸಿದ ಮೇಲೆ, ಖಾತೆಯ ಭದ್ರತೆಯ ಪುಟದಲ್ಲಿ ಗುರುತಿಲ್ಲದ ಸಾಧನಗಳನ್ನೆಲ್ಲ ಹೊರಹಾಕಿ. ಆ ಮೇಲೆ ಜನ ಮರೆಯುವ ಜಾಗ ಒಂದಿದೆ: ಮೇಲ್ ಸೆಟ್ಟಿಂಗ್‌ನ ಫಿಲ್ಟರ್ ಮತ್ತು ಫಾರ್ವರ್ಡಿಂಗ್. ಒಳಬಂದವನು ನಿಮ್ಮ ಪತ್ರಗಳ ಪ್ರತಿ ತನಗೆ ಬರುವಂತೆ ಅಲ್ಲಿ ಬರೆದಿಟ್ಟು ಹೋಗಿದ್ದರೆ, ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅದು ನಿಲ್ಲುವುದಿಲ್ಲ. ಕಂಪ್ಯೂಟರ್ ಕೇಂದ್ರಕ್ಕೆ ಮುಚ್ಚುಮರೆ ಇಲ್ಲದೆ ತಿಳಿಸಿ, ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ್ಯಪ್‌ನ 6 ಅಂಕಿಯನ್ನೂ ನಕಲಿ ಲಾಗಿನ್ ಪುಟದಲ್ಲಿ ನೀವೇ ಹಾಕಿದರೆ ಕಳ್ಳ ಅದೇ ಅರ್ಧ ನಿಮಿಷದಲ್ಲಿ ಬಳಸಿಬಿಡಬಲ್ಲ. ಅದಕ್ಕೂ ಜಗ್ಗದ್ದು ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಒಳಬಿಡುವ ಕೀಲಿ) ಅಥವಾ ಪೆನ್‌ಡ್ರೈವ್‌ನಂತೆ ಕಾಣುವ ಸೆಕ್ಯುರಿಟಿ ಕೀ. ಅದು ಜಾಲತಾಣದ ವಿಳಾಸವನ್ನೇ ನೋಡಿ ಉತ್ತರಿಸುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ನಮ್ಮ ಕಣ್ಣು ಮೋಸ ಹೋಗಬಹುದು, ಅದು ಹೋಗದು. ಪರೀಕ್ಷೆ, ಅಂಕ, ಹಣಕಾಸಿನ ಖಾತೆಗಳಿಗೆ ಸೆಕ್ಯುರಿಟಿ ಕೀಯನ್ನೇ ಕೊಳ್ಳಿರಿ ಎನ್ನುತ್ತೇನೆ. ಕೊಳ್ಳುವಾಗ ಎರಡು ಕೊಂಡು, ಎರಡನ್ನೂ ಖಾತೆಗೆ ನೋಂದಾಯಿಸಿ. ಒಂದು ನಿಮ್ಮ ಕೀಲಿಗೊಂಚಲಿನಲ್ಲಿರಲಿ, ಇನ್ನೊಂದು ಬ್ಯಾಕಪ್ ಕೋಡ್‌ನ ಲಕೋಟೆಯ ಜೊತೆ ಬೀರುವಿನಲ್ಲಿರಲಿ.